ಡಬ್ಬಿ ವಾಲಿದ ಕಡೆ

ಟಿವಿ ಧಾರಾವಾಹಿಯಲ್ಲಿ ಗ್ರಹಗಳನ್ನು ಕಾಪಾಡುತ್ತ ತಿರುಗಿದ್ದ ಬಾಹ್ಯಾಕಾಶ ನೌಕೆಯ ಸಿಬ್ಬಂದಿ ಈಗ ಮೇಕಪ್ ಕೋಣೆಯ ಹೊಸಿಲು ದಾಟಲು ಒಬ್ಬರ ತೋಳನ್ನೊಬ್ಬರು ಹಿಡಿದುಕೊಳ್ಳುತ್ತಿದ್ದರು. ಕ್ಯಾಪ್ಟನ್ನರ ಹೊಟ್ಟೆ ಬೆಳ್ಳಿ ಬಣ್ಣದ ಸೂಟಿನ ಜಿಪ್ಪಿಗೆ ಸೊಪ್ಪು ಹಾಕುತ್ತಿರಲಿಲ್ಲ. ಬ್ರಹ್ಮಾಂಡವನ್ನೇ ನುಂಗಲು ಹೊರಟಿದ್ದ ಖಳನಾಯಕ ಬಿ.ಪಿ. ಮಾತ್ರೆ ನುಂಗಲಾರದೆ ಕೆಮ್ಮುತ್ತಿದ್ದ.

ಮೂಲೆಯಲ್ಲಿ ಕೂತಿದ್ದವನು ಡಬ್ಬಿ. ಅದು ಧಾರಾವಾಹಿಯ ಯಂತ್ರಮಾನವನ ಹೆಸರು. ತಗಡಿನೊಳಗೆ ನಿಂತು ಬೆವರಿದವನಿಗೂ ಅದೇ ಅಂಟಿಕೊಂಡಿತ್ತು. ದನಿ ಬೇರೆಯವರದು, ಮುಖವನ್ನಂತೂ ಯಾರೂ ಕಂಡಿಲ್ಲ. ಹಳೆಯ ಅಭಿಮಾನಿಗಳು ಎಲ್ಲ ಕಲಾವಿದರನ್ನೂ ಕರೆಸುತ್ತಿದ್ದಾರೆಂದು ತಿಳಿದಾಗ ಅವನು ಕ್ಷೌರ ಮಾಡಿಸಿ, ಇಸ್ತ್ರಿ ಅಂಗಿ ತೊಟ್ಟು ಬಂದದ್ದು ಒಂದೇ ಆಸೆಗೆ: ಸ್ವಂತ ಮುಖ ಹೊತ್ತು ಒಮ್ಮೆ ಆ ಜನರ ಮುಂದೆ ನಿಲ್ಲಬೇಕು.

ಸಂಘಟಕ ತಗಡಿನ ತಲೆ ಎತ್ತಿಕೊಂಡು ಬಂದ. "ಅಜ್ಜ, ಇದನ್ನ ಹಾಕ್ಕೊಂಡ್ಬಿಡಿ. ಇಲ್ದಿದ್ರೆ ಲೈಟ್ ರಿಪೇರಿಯವ್ರು ಬಂದ್ರು ಅನ್ಕೋತಾರೆ."

"ಅನ್ಕೊಳ್ಳಲಿ ಬಿಡಪ್ಪ."

ಜೊತೆಗೆ ಬಂದಿದ್ದ ಮಗಳು ಕಿವಿಯಲ್ಲಿ ಹೇಳಿದಳು, "ಅಪ್ಪಾ, ಯಾರೂ ಗುರುತು ಹಿಡೀದೆ ಹೋದ್ರೆ?"

ಡಬ್ಬಿ ಅಂಗಿಯ ಕಾಲರ್ ಸರಿಮಾಡಿಕೊಂಡ. ಅದೇ ಭಯ ಬೆಳಗಿನಿಂದ ಅವನಿಗೂ ಇತ್ತು.

ವೇದಿಕೆಗೆ ಒಬ್ಬೊಬ್ಬರೇ ಬಂದಂತೆ ಸಭಾಂಗಣ ಕುಣಿದಾಡಿತು. ತಗಡಿನ ತಲೆಯಿಲ್ಲದೆ ಡಬ್ಬಿ ಬಂದಾಗ ಜನ ಉಸ್ಸಪ್ಪಾ ಎಂದು ಕೂತರು. ಮುಂದಿನ ಸಾಲಿನ ಬೊಕ್ಕತಲೆಯವನೊಬ್ಬ ಕೈ ಆಡಿಸಿದ. "ಯಜಮಾನ್ರೇ, ಸ್ವಲ್ಪ ಪಕ್ಕಕ್ಕೆ ಬನ್ನಿ. ಕ್ಯಾಪ್ಟನ್ ಕಾಣ್ತಿಲ್ಲ."

ಡಬ್ಬಿ ಕ್ಯಾಪ್ಟನ್ನರ ಪಕ್ಕಕ್ಕೆ ಸರಿದು ನಿಂತ. ಕಿವಿ ಕೆಂಪಾಯಿತು. ತಗಡಿನೊಳಗಾದರೆ ಅದೂ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಸಂಘಟಕ ಮೈಕಿನಲ್ಲಿ ಕಿರುಚಿದ, "ಉಲ್ಕೆ ಬಂತು! ಹುಷಾರ್!"

ನೌಕೆಗೆ ಪೆಟ್ಟು ಬಿತ್ತೆಂದರೆ ಎಲ್ಲರೂ ಒಟ್ಟಿಗೆ ಎಡಕ್ಕೆ ವಾಲುವುದು ಆಗಿನ ಪದ್ಧತಿ. ನಿರ್ದೇಶಕರು ಎದುರಿಗೆ ನಿಂತು ತಮ್ಮ ಎಡಗೈ ಎತ್ತುತ್ತಿದ್ದರು. ತಗಡಿನೊಳಗೆ ಮಾತು ಕೇಳಿಸದು. ಕಣ್ಣಿನ ಸೀಳಿನಲ್ಲಿ ಆ ಕೈ ಕಂಡ ಕಡೆಗೇ ಡಬ್ಬಿ ವಾಲುತ್ತಿದ್ದ. ಅದು ಅವನ ಬಲಗಡೆ. ಪ್ರತಿ ಕಂತಿನಲ್ಲೂ ಡಬ್ಬಿ ಹೋಗಿ ಕ್ಯಾಪ್ಟನ್ನರಿಗೆ ಗುದ್ದುತ್ತಿದ್ದ, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಇಂದು ಕೈ ಎತ್ತಲು ನಿರ್ದೇಶಕರು ಬದುಕಿಲ್ಲ. ಆದರೂ ಎಲ್ಲರೂ ಎಡಕ್ಕೆ ವಾಲಿದಾಗ ಡಬ್ಬಿಯ ಮೈ ತನ್ನಷ್ಟಕ್ಕೆ ತಾನೇ ಬಲಕ್ಕೆ ವಾಲಿ, ಕ್ಯಾಪ್ಟನ್ನರ ತಲೆಗೆ ಡಿಕ್ಕಿ ಹೊಡೆಯಿತು. ಅವರ ವಿಗ್ ಹಾರಿ ಖಳನಾಯಕನ ಹೆಗಲೇರಿತು.

"ಲೋ ಗೂಬೆ, ಎಡಕ್ಕೆ ಕಣೋ!" ಕ್ಯಾಪ್ಟನ್ ತಲೆ ಉಜ್ಜಿಕೊಂಡರು. "ಈ ವಯಸ್ಸಿಗಾದ್ರೂ ಕಲಿಬಾರ್ದಾ?"

ಹಿಂದಿನಿಂದ ಯಾವುದೋ ಹೆಂಗಸು ಚೀರಿದಳು, "ಅಯ್ಯೋ, ಇವ್ರೇ ಕಣ್ರೀ ಡಬ್ಬಿ!"

ಜನ ಎದ್ದರು. ಬೊಕ್ಕತಲೆಯವನು ಕುರ್ಚಿಯ ಮೇಲೇ ಹತ್ತಿ ನಿಂತು, ಮೂಗು ಒರೆಸಿಕೊಳ್ಳುತ್ತ "ಡಬ್ಬಿ! ಡಬ್ಬಿ!" ಎಂದು ಕೂಗತೊಡಗಿದ.

ಡಬ್ಬಿ ಕ್ಯಾಪ್ಟನ್ನರನ್ನು ಮೆಲ್ಲಗೆ ಕೇಳಿದ, "ನನ್ನ ಮುಖ ಎಲ್ರಿಗೂ ಕಾಣ್ತಿದ್ಯೇನೋ?"

"ಕಾಣ್ತಿದೆ ಮಾರಾಯ. ನಿನ್ನನ್ನ ತಗಡಿನೊಳಗೆ ಯಾಕೆ ತುಂಬಿದ್ರು ಅಂತ ಎಲ್ರಿಗೂ ಈಗ ಅರ್ಥ ಆಯ್ತು."

ಡಬ್ಬಿಗೆ ನಗು ತಡೆಯಲಾಗಲಿಲ್ಲ. "ಇನ್ನೊಂದ್ಸಲ!" ಎಂದು ಜನ ಅರಚಿದರು. ಕ್ಯಾಪ್ಟನ್ ಬಯ್ಯುತ್ತಲೇ ಕಾಲು ಅಗಲಿಸಿ ಗಟ್ಟಿಯಾಗಿ ನಿಂತುಕೊಂಡರು.