ಏಣಿಗೆ ಅಡವಿಟ್ಟ ಮಾತು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲು ಉಕ್ಕಿತು. "ಅಯ್ಯೋ, ಹೋಯ್ತು!" ಎಂದೆ. ಒಳಗಿನ ಕೋಣೆಯಿಂದ "ಹೋಗ್ಲಿ ಬಿಡು, ಒರೆಸೋಳು ನೀನೇ ತಾನೆ" ಎನ್ನುವ ಉತ್ತರ ಬರಲಿಲ್ಲ.

ಈ ಊರಿನಲ್ಲಿ ಕನ್ನಡ ಇದ್ದದ್ದು ಎರಡು ಬಾಯಲ್ಲಿ. ಈಗ ಒಂದರಲ್ಲಿ. ಅಮ್ಮನಿಗೆ ಫೋನ್ ಮಾಡಬಹುದು. ಆದರೆ ಹಾಲು ಉಕ್ಕಿದಾಗಲೆಲ್ಲ ಫೋನ್ ಮಾಡಲಾಗುವುದಿಲ್ಲ. ಇಲ್ಲಿನ ಭಾಷೆ ನನಗೆ ಚೆನ್ನಾಗಿಯೇ ಬರುತ್ತದೆ. ಅದರಲ್ಲಿ ಕೆಲಸವಿದೆ, ವಿಳಾಸವಿದೆ. ಆದರೆ ಆ ಭಾಷೆಯಲ್ಲಿ ನಾನು ಯಾರನ್ನೂ ರೇಗಿಸಿದವಳಲ್ಲ, ನನ್ನನ್ನೂ ಯಾರೂ ಆಡಿಕೊಂಡಿಲ್ಲ.

ಅಣ್ಣನ ಮೆಸೇಜ್ ಬಂದಿತ್ತು: "ಟಿಕೆಟ್ ಮಾಡಿಸ್ಲಾ? ಸಂಜೆಯೊಳಗೆ ಹೇಳು. ಅಲ್ಲಿ ಯಾರಿದ್ದಾರೆ ನಿಂಗೆ?"

ಯಾರೂ ಇಲ್ಲ ಎಂದು ಬರೆದೆ. ಕಳಿಸಲಿಲ್ಲ.

ನೆಲ ಒರೆಸಿ ಎದ್ದಾಗ ತಲೆಗೆ ಏಣಿ ಬಡಿಯಿತು. ಅಡುಗೆಮನೆಯಲ್ಲಿ ಹಲಗೆ ಹೊಡೆಯಲೆಂದು ನನ್ನ ಗಂಡ ಹಿಂದಿನ ಬೀದಿಯ ಬಡಗಿಯಿಂದ ತಂದಿದ್ದ ಏಣಿ. ಅದರ ತಪ್ಪೇನಿಲ್ಲ, ಅವನ ಹೃದಯ ನಿಂತದ್ದು ಬಸ್ಸಿನಲ್ಲಿ, ಕೂತಲ್ಲೇ. ನಾನು ಇಲ್ಲೇ ಇದ್ದರೂ ಸರಿ, ಊರು ಬಿಟ್ಟರೂ ಸರಿ, ಕಂಡವರ ವಸ್ತು ಮನೆಯಲ್ಲಿರಬಾರದು.

ಮೂರು ಮಹಡಿ ನಾನು ಏಣಿಯನ್ನು ಇಳಿಸಿದೆನೋ, ಅದೇ ನನ್ನನ್ನು ಇಳಿಸಿತೋ. ಬೀದಿಯಲ್ಲಿ ಮುಂದಿನ ತುದಿ ಹಣ್ಣಿನ ಅಂಗಡಿಯ ಬೋರ್ಡಿಗೆ ತಾಗಿತು. ಕ್ಷಮಿಸಿ ಎನ್ನಲು ತಿರುಗಿದರೆ ಹಿಂದಿನ ತುದಿ ಯಾರದೋ ಟೋಪಿ ಹಾರಿಸಿತು. ಆಮೇಲೆ ಕ್ಷಮೆ ಕೇಳುವುದನ್ನೇ ಬಿಟ್ಟೆ.

ಬಡಗಿಗೆ ಅರವತ್ತು ದಾಟಿದೆ. ಕಿವಿಯ ಮೇಲೊಂದು ಪೆನ್ಸಿಲ್, ಹುಬ್ಬಿನ ತುಂಬ ಮರದ ಹೊಟ್ಟು. ನನ್ನನ್ನು ಕಂಡು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ.

ಅವನ ಅಂಗಡಿಗೊಂದು ನಿಯಮವಿದೆ. ಸಲಕರಣೆ ಎರವಲು ಒಯ್ಯುವವರು ಅದು ತೂಗುವ ಮೊಳೆಗೆ ತಮ್ಮದೊಂದು ವಸ್ತು ಸಿಕ್ಕಿಸಿ ಹೋಗಬೇಕು. ಗೋಡೆಯ ಮೇಲೆ ಯಾರದೋ ಛತ್ರಿ, ಯಾರದೋ ಕನ್ನಡಕ, ಮಗುವಿನದೊಂದು ಶೂ. ಏಣಿಯ ಮೊಳೆಗಳು ಮಾತ್ರ ಖಾಲಿ. ಅವುಗಳ ಕೆಳಗೆ ಸೀಮೆಸುಣ್ಣದಲ್ಲಿ ಒಂದು ಸಾಲು. ಲಿಪಿ ಇಲ್ಲಿಯದು. ಓದಿಕೊಂಡೆ. ಮಾತು ನಮ್ಮದು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ನಿನ್ನ ಗಂಡ ಬರ್ತಿದ್ದದ್ದೇ ಬರಿಗೈಲಿ," ಎಂದ ಬಡಗಿ, ತನ್ನ ಭಾಷೆಯಲ್ಲಿ. "ಅದಕ್ಕೇ ನಿಮ್ಮದೊಂದು ಮಾತು ಅಡವಿಡಿಸ್ಕೊಳ್ತಿದ್ದೆ. ಏಣಿ ಬಂದ್ರೆ ಒರೆಸಿ ವಾಪಸ್. ಇದು ಏಳನೇದು."

"ಆ ಆರು?"

"ಗೋಡೆಯಿಂದ ಮಾತ್ರ ಹೋಯ್ತು."

ಅಷ್ಟರಲ್ಲಿ ಮೂಲೆಯಲ್ಲಿ ಗರಗಸ ಕಿರುಗುಟ್ಟಿ ಸಿಕ್ಕಿಕೊಂಡಿತು. ಹಿರಿಯ ಕೆಲಸಗಾರ ತಲೆಯೆತ್ತದೆ ಕಿರಿಯವನಿಗೆ ಕೂಗಿದ: "ಆತುರಗಾರನಿಗೆ ಬುದ್ಧಿ ಮಟ್ಟ!"

ಕನ್ನಡದಲ್ಲಿ. ಗಕ್ಕನೆ ತಿರುಗಿದೆ. ಮೊಳೆಗೆ ಎತ್ತುತ್ತಿದ್ದ ಏಣಿ ಜಾರಿ ಹೊಟ್ಟಿನ ರಾಶಿಯ ಮೇಲೆ ದೊಪ್ಪನೆ ಬಿತ್ತು.

"ನೆಲ ಡೊಂಕಾ, ಅತ್ತಿಗೆ?" ಎಂದ ಬಡಗಿ.

ಅದೂ ಕನ್ನಡದಲ್ಲಿ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಕಲಿತದ್ದನ್ನು ಮುರಿದು, ನನಗೆಂದು ಆಗಷ್ಟೇ ಜೋಡಿಸಿದ್ದು.

"ನೆಲ ಅಲ್ಲ ಮಹಾರಾಯ, ನಿನ್ನ ಏಣಿನೇ ಡೊಂಕು!" ಎಂದುಬಿಟ್ಟೆ. ಅಂದ ಮೇಲೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ಅಲ್ಲೇ ಅರೆಬರೆ ಸ್ಟೂಲಿನ ಮೇಲೆ ಕೂತೆ. ಅದಕ್ಕೆ ಮೂರೇ ಕಾಲು. ಅದೂ ವಾಲಿತು. ಮೂವರೂ ಒಟ್ಟಿಗೆ "ನೆಲ ಡೊಂಕು!" ಎಂದು ಕೂಗಿದರು.

ಉಸಿರು ಬಂದ ಮೇಲೆ ಅವನ ಭಾಷೆಯಲ್ಲೇ ಕೇಳಿದೆ, "ಅಲ್ಲಾ, ನಿಮ್ಮ ಮಗಳ ವಯಸ್ಸಿನವಳು ನಾನು. ಅತ್ತಿಗೆ ಹೇಗಾದೆ?"

"ತಡ ಆದ್ರೆ ನಿಮ್ಮ ಅತ್ತಿಗೆ ಬೈತಾಳೆ ಅಂತ ನಿನ್ನ ಗಂಡ ಬಂದಾಗೆಲ್ಲ ಓಡ್ತಿದ್ದ. ನಮ್ಮ ಭಾಷೇಲಿ ಅದಕ್ಕೆ ಪದ ಇಲ್ಲ. ಇಟ್ಕೊಂಡ್ವಿ."

ಅತ್ತಿಗೆಯಾದರೆ ಮೈದುನನನ್ನು ರೇಗಿಸುವ ಹಕ್ಕು ತಾನಾಗಿ ಬರುತ್ತದೆ. ವಯಸ್ಸು ಯಾರು ನೋಡುತ್ತಾರೆ?

ಫೋನ್ ತೆಗೆದೆ. ಬೆಳಗಿನದನ್ನು ಅಳಿಸಿ ಅಣ್ಣನಿಗೆ ಬರೆದೆ: "ಟಿಕೆಟ್ ಬೇಡ. ಇಲ್ಲಿ ನಂಗೊಬ್ಬ ಮೈದುನ ಇದ್ದಾನೆ. ಅರವತ್ತು ದಾಟಿದೆ."

ಬಡಗಿ ಒದ್ದೆ ಬಟ್ಟೆ ಹಿಡಿದು ಗೋಡೆಯ ಮುಂದೆ ನಿಂತಿದ್ದ.

"ನಾಳೆ ಏಣಿ ಮತ್ತೆ ಬೇಕು," ಎಂದೆ. "ಹಲಗೆ ಹಾಗೇ ಇದೆ."

"ಹಾಗಾದ್ರೆ ನಾಳೆಗೆ ಹೊಸ ಮಾತು ತಗೊಂಡ್ಬಾ. ಇದು ನಮಗೆ ಬಾಯಿಪಾಠ."

ಒಂದೇ ಸಲಕ್ಕೆ ಒರೆಸಿದ. ಎದ್ದು ಏಣಿಯ ಒಂದು ತುದಿ ಹಿಡಿದೆ. ಅವನು ಇನ್ನೊಂದು ಹಿಡಿದ.

"ಎತ್ತು, ಮೈದುನ."

ಎತ್ತಿ ಮೊಳೆಗೆ ಸಿಕ್ಕಿಸಿದೆವು.