ಸಮುದ್ರದಲ್ಲಿ ನೀರಿಲ್ಲದ ಹನ್ನೊಂದು ದಿನ

ತಪ್ಪು ಉಜ್ಜಿನಪ್ಪನದೇ. ಅವ್ವನನ್ನು ನಗಿಸಲು ಹೋಗಿ ಅವಳ ಊಟ ಬಿಡಿಸಿದ್ದ.

ಬಳ್ಳಾರಿ ಹತ್ತಿರದ ಕುರುಗೋಡಿನ ಈತ ಯುದ್ಧದ ವರ್ಷಗಳಲ್ಲಿ ನೌಕಾದಳ ಸೇರಿ, ಈಗ, ೧೯೫೨ರಲ್ಲಿ, ಲೆಫ್ಟಿನೆಂಟ್ ಕಮಾಂಡರ್ ಆಗಿದ್ದ. ಅಷ್ಟುದ್ದ ಹೇಳಲು ಊರಿನವರಿಗೆ ಪುರುಸೊತ್ತಿಲ್ಲದ್ದರಿಂದ ‘ಹಡಗಿನ ಸಾಹೇಬ’ ಅನ್ನುತ್ತಿದ್ದರು. ವಿಲಾಯಿತಿಯಲ್ಲಿ ಒಂದು ವರ್ಷ ಜಲಾಂತರ್ಗಾಮಿಯ ತರಬೇತಿ ಮುಗಿಸಿ ಮುಂಬಯಿಗೆ ಬಂದಿಳಿದ ದಿನವೇ ಮನೆಗೆ ಕಾಗದ ಬರೆದ. ಸುತ್ತ ಸಮುದ್ರ, ಒಳಗೆ ಕುಡಿಯುವಷ್ಟೇ ಸಿಹಿನೀರು. ಹನ್ನೊಂದು ದಿನ ಯಾರೂ ಸ್ನಾನ ಮಾಡಲಿಲ್ಲ. ಎಲ್ಲರೂ ಒಂದೇ ಸಮ ನಾರುತ್ತಿದ್ದುದರಿಂದ ಜಗಳವಾಗಲಿಲ್ಲ ಎಂದು ತಮಾಷೆ ಮಾಡಿದ್ದ.

ಕಾಗದ ಓದಿ ಹೇಳಿದ ಅಕ್ಕ ಚನ್ನವೀರಮ್ಮ ನಕ್ಕಳು. ಅವ್ವ ಶಿವಬಸಮ್ಮ ನಗಲಿಲ್ಲ. ಆ ಮನೆಯಲ್ಲಿ ಸ್ನಾನವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಿಲ್ಲದೆ ತುತ್ತಿಲ್ಲ. ಮಗನೋ ಹನ್ನೊಂದು ದಿನವೂ ಉಂಡಿದ್ದ. ಹಾಗಾದರೆ ತಾನು ಹನ್ನೊಂದು ದಿನ ಉಣ್ಣುವುದಿಲ್ಲವೆಂದು ಅವಳು ಬರೀ ಹಾಲು, ಬಾಳೆಹಣ್ಣಿನ ಮೇಲೆ ದಿನ ತಳ್ಳತೊಡಗಿದಳು. ಮಠದ ಅಯ್ಯನವರು ಬಂದು, ನೀರಿಲ್ಲದ ಕಡೆ ಮೈಗೆ ವಿಭೂತಿ ಧರಿಸಿದರೂ ಸ್ನಾನವೇ ಎಂದು ಸಮಾಧಾನ ಹೇಳಿದರು. ಅದು ಜಡ್ಡಾದವರಿಗೆ, ನನ್ನ ಮಗ ಗಟ್ಟಿಮುಟ್ಟಾಗಿದ್ದಾನೆ ಎಂದು ಅವರನ್ನು ಸಾಗಹಾಕಿದಳು.

ಉಜ್ಜಿನಪ್ಪ ಮನೆ ಮುಟ್ಟಿದ್ದು ಉಪವಾಸದ ಆರನೆಯ ದಿನ. ಅವ್ವ ಬಿಸಿ ರೊಟ್ಟಿ ಬಡಿದು ಹಾಕಿದಳು. ಅವನು ನಾಲ್ಕು ತಿಂದ. ಕೈ ತೊಳೆಯುವಾಗ ಅಕ್ಕ ವಿಷಯ ತಿಳಿಸಿದಳು.

ಜೇಬಿನಲ್ಲಿ ಇನ್ನೊಂದು ಕಾಗದವಿತ್ತು. ಜಲಾಂತರ್ಗಾಮಿಯನ್ನು ನಡೆಸುವ ಕಮಾಂಡರನ ತರಬೇತಿಗೆ ಮತ್ತೆ ವಿಲಾಯಿತಿಗೆ ಹೋಗುವೆಯಾ ಎಂದು ಮೇಲಿನವರು ಕೇಳಿದ್ದರು; ಮರುದಿನವೇ ತಂತಿಯಲ್ಲಿ ಉತ್ತರ ಕೊಡಬೇಕು. ಅವನು ಹತ್ತು ವರ್ಷ ದುಡಿದದ್ದು ಅದಕ್ಕೇ. ಆದರೆ ಅಲ್ಲಿ ನೀರೊಳಗೆ ವಾರಗಟ್ಟಲೆ ಇರಬೇಕು. ಅವ್ವನ ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು.

“ಒಲ್ಲೆ ಅಂತ ತಂತಿ ಕೊಡತೀನವ್ವ,” ಎಂದ. “ಇನ್ನ ನೀರಿನ ಮ್ಯಾಲಿನ ಹಡಗಿನಾಗ ಇರತೀನಿ. ಅಲ್ಲಿ ದಿನಾ ಜಳಕ ಐತಿ. ನೀ ಉಣ್ಣು.”

“ಬಿಡು ಅಂತ ಯಾರು ಹೇಳಿದರಲೇ ನಿನಗ?” ಶಿವಬಸಮ್ಮನಿಗೆ ಆರು ದಿನದಲ್ಲಿ ಮೊದಲ ಬಾರಿ ಸಿಟ್ಟು ಬಂದಿತ್ತು. “ನಿನ್ನ ಕೆಲಸ ನೀ ಮಾಡು. ಉಪಾಸ ನನ್ನ ಕೆಲಸ. ಅದರಾಗ ಕೈ ಹಾಕಬ್ಯಾಡ.”

“ಆತು, ಹೋಗತೀನಿ. ಆದರ ಉಂಡಾಂವ ನಾನು. ಉಳಿದ ಐದು ದಿನ ನನ್ನವು. ಮುಂದ ಜಳಕಿಲ್ಲದ ದಿನಗಳೂ ನನ್ನವು, ಸಮುದ್ರದ ದಂಡಿಗೆ ಬಂದ ಮ್ಯಾಲೆ ತೀರಸತೀನಿ.”

ಅವ್ವ ನಂಬಲಿಲ್ಲ. ಲಿಂಗ ಅಂಗೈಯಲ್ಲಿಟ್ಟು ಹೇಳು ಅಂದಳು. ಎದೆಯ ಮೇಲಿನ ಕರಡಿಗೆ ಬಿಚ್ಚಿ, ಒಳಗಿನ ಲಿಂಗವನ್ನು ಎಡಗೈಯಲ್ಲಿ ಹಿಡಿದು ಹೇಳಿದ. ಆಮೇಲೂ ಚೌಕಾಸಿ ನಡೆಯಿತು. ಐದೂ ಕೊಡಲಾರೆನೆಂದು ಹಟ ಹಿಡಿದು ಕಡೆಗೆ ಮೂರು ದಿನ ಬಿಟ್ಟುಕೊಟ್ಟಳು, ಎರಡು ಉಳಿಸಿಕೊಂಡಳು. ಅವನ ಸರದಿ ಮೊದಲು.

ಮರುದಿನ ಬಾವಿಯ ನೀರು ಹತ್ತು ಕೊಡ ಸುರಿದುಕೊಂಡು, ಪೂಜೆ ಮುಗಿಸಿ, ಬರೀ ಹಾಲು ಕುಡಿದು ಬಳ್ಳಾರಿಗೆ ಹೋಗಿ, ಒಪ್ಪಿದ್ದೇನೆ ಎಂದು ತಂತಿ ಕೊಟ್ಟ. ಕೌಲ್ ಬಜಾರಿನಲ್ಲಿ ಮಿರ್ಚಿ ಕರಿಯುತ್ತಿದ್ದರು. ನೌಕಾದಳದ ಶಿಸ್ತೆಲ್ಲ ಆ ಒಂದು ಬೀದಿ ದಾಟಲು ಖರ್ಚಾಯಿತು.

ಮನೆಯಲ್ಲಿ ಅವ್ವ ಅರ್ಧ ರೊಟ್ಟಿ ಮುರಿದು ಕೂತಿದ್ದಳು. ಮಗ ಹಸಿದಿರುವಾಗ ಗಂಟಲಲ್ಲಿ ಇಳಿಯುವುದಿಲ್ಲವೆಂದು ಅಕ್ಕನ ಹತ್ತಿರ ಗೊಣಗುತ್ತಿದ್ದಳು. ಉಜ್ಜಿನಪ್ಪ ಹಾಲಿನ ಲೋಟ ಹಿಡಿದು ಅವಳ ಎದುರಿಗೇ ಕೂತ.

“ಅಕ್ಕ, ಅವ್ವಗ ಇನ್ನೊಂದು ಹಾಕು,” ಎಂದ.