ನಕ್ಷೆಯ ನೀಲಿ ಚೌಕ

ಹಲ್ಲಿನ ಡಾಕ್ಟರಿಗೆ ನಾಣ್ಯದ ಹುಚ್ಚು ಮೊದಲು ಹಿಡಿಯಿತು, ನಕ್ಷೆಯ ಹುಚ್ಚು ಆಮೇಲೆ. ಸೇತುವೆ ಕಟ್ಟಿದ್ದಕ್ಕೆ, ರೈಲು ಬಂದದ್ದಕ್ಕೆ, ವಸ್ತುಪ್ರದರ್ಶನ ನಡೆದದ್ದಕ್ಕೆ ಅಂತ ಹೊರಡಿಸಿದ ನೆನಪಿನ ನಾಣ್ಯಗಳೆಲ್ಲ ಅವರ ಬಳಿ ಇದ್ದವು. ಆದರೆ ನಾಣ್ಯ ಒಂಟಿಯಾಗಿರಬಾರದು ಎಂಬುದು ಅವರ ಹಟ. ಅದೇ ಸಮಾರಂಭದಲ್ಲಿ ಜನರಿಗೆ ಹಂಚಿದ ಬಣ್ಣದ ನಕ್ಷೆಯನ್ನೂ ಹುಡುಕಿ ತಂದು, ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಿದ ಮೇಲೇ ಅವರಿಗೆ ಊಟ ಸೇರುವುದು. "ಮಗಳಿಗೆ ಗಂಡು ಹುಡುಕೋವಾಗ್ಲೂ ಇಷ್ಟು ಅಲೆದಿರಲಿಲ್ಲ" ಎಂದು ಹೆಂಡತಿ ಹಂಗಿಸುವುದುಂಟು.

ಸಿಗದೆ ಸತಾಯಿಸಿದ್ದು ಒಂದೇ ನಕ್ಷೆ, ಊರಿಗೆ ನಲ್ಲಿ ನೀರು ಬಂದ ದಿನದ್ದು. ಅದರ ಜೋಡಿ ನಾಣ್ಯ ಹತ್ತಿಯ ಮೇಲೆ ಕಾದು ಕೂತಿತ್ತು: ಒಂದು ಬದಿಯಲ್ಲಿ ನಲ್ಲಿ, ಇನ್ನೊಂದು ಬದಿಯಲ್ಲಿ ಸಾಲುಕಂಬಗಳ ನಡುವೆ ನಿಂತ ನೀರು. ಡಾಕ್ಟರು ಅದನ್ನು ಬರಿಗೈಯಲ್ಲಿ ಮುಟ್ಟಿದವರೇ ಅಲ್ಲ. ಬೇರೆ ಯಾರಾದರೂ ಮುಟ್ಟಲು ಹೋದರೆ, ಬಾಯಿ ತೆರೆದು ಕೂತ ರೋಗಿಯನ್ನು ಹಾಗೇ ಬಿಟ್ಟು ಓಡಿ ಬರುತ್ತಿದ್ದರು.

ಹಳೇ ಪೇಪರ್ ಅಂಗಡಿಯವನು ಕೊನೆಗೂ ಆ ನಕ್ಷೆಯನ್ನು ತಂದುಕೊಟ್ಟ. ಡಾಕ್ಟರು ಕ್ಲಿನಿಕ್ಕಿನ ಬಾಗಿಲು ಹಾಕಿಕೊಂಡು ದೊಡ್ಡ ದೀಪದ ಕೆಳಗೆ ಬಿಡಿಸಿದರು. ಕಿರೀಟ ತೊಟ್ಟ ಮೀನು, ಛತ್ರಿ ಹಿಡಿದ ಹೆಂಗಸರು, ಮನೆಗಿಂತ ದೊಡ್ಡ ನಲ್ಲಿ. ಗಡಿಯಾರದ ಗೋಪುರದ ಹಿಂದೆ, ರಸ್ತೆ ಮೊಣಕೈಯಂತೆ ಬಾಗುವ ಕಡೆ, ಚುಕ್ಕಿಗೆರೆ ಎಳೆದ ಒಂದು ನೀಲಿ ಚೌಕ. ಅದರೊಳಗೆ "ನೆಲದಡಿಯ ಜಲಾಗಾರ" ಎಂದು ಬರೆದಿತ್ತು. ಹಿಗ್ಗಿನಿಂದ ನಾಣ್ಯವನ್ನು ಅದರ ಮೇಲಿಟ್ಟರು. ಆಮೇಲೆ ಆ ಬಾಗು ಎಲ್ಲಿಯದೆಂದು ಹೊಳೆದು ಎದೆ ಧಸಕ್ಕೆಂದಿತು. ಗುಡ್ಡದ ಮೇಲೆ ಹೊಸ ಟ್ಯಾಂಕ್ ಬಂದ ಮೇಲೆ ಹಳೆಯದನ್ನು ಊರೇ ಮರೆತಿತ್ತು, ಮತ್ತು ಅದರ ಮೇಲೆ ಈಗ ಮಗಳ ಮನೆ ನಿಂತಿತ್ತು.

ಹೊಸ ಮನೆಗೆ ಹೋದಾಗಿನಿಂದ ಬಾಗಿಲು ಸಿಕ್ಕಿಕೊಳ್ಳುತ್ತದೆ ಎಂದು ಮಗಳು ಗೊಣಗುತ್ತಲೇ ಇದ್ದಳು. "ತೊಟ್ಟಿಲು ತಾನಾಗೇ ತೂಗತ್ತಪ್ಪ, ಮನೇನೇ ನಮ್ಮ ಆಯಾ" ಎಂದು ಫೋನಿನಲ್ಲಿ ನಕ್ಕಿದ್ದಳು. ಇವರೂ ನಕ್ಕಿದ್ದರು.

ನಕ್ಷೆ, ನಾಣ್ಯ ಎರಡನ್ನೂ ಜೇಬಿಗೆ ತುರುಕಿಕೊಂಡು ಓಡಿದರು. ಅಲ್ಲಿ ಅಳಿಯ ಸ್ಟೂಲು ಹತ್ತಿ, ತೊಟ್ಟಿಲ ಹಿಂದಿನ ಮೂಲೆಯ ಬಿರುಕಿಗೆ ಪುಟ್ಟಿ ಮೆತ್ತುತ್ತಿದ್ದ. ಅವನು ವಿಮೆ ಏಜೆಂಟ್. ಊರವರಿಗೆಲ್ಲ ಅನಾಹುತದ ಭಯ ಹುಟ್ಟಿಸಿ ಸಹಿ ಹಾಕಿಸಿಕೊಳ್ಳುವ ಮಹಾಶಯನಿಗೆ ತನ್ನ ಮನೆ ಮಾತ್ರ ಕಲ್ಲುಬಂಡೆ.

"ಮಗೂನ ಎತ್ಕೊಂಡು ಆಚೆ ಬನ್ನಿ. ಮಾತು ಆಮೇಲೆ" ಎಂದು ಡಾಕ್ಟರು ನಕ್ಷೆ ಬಿಡಿಸಿದರು.

ಅಳಿಯನಿಗೆ ನಗು ತಡೆಯಲಾಗಲಿಲ್ಲ. "ಈ ಕಿರೀಟದ ಮೀನೂ ನಮ್ಮನೆ ಕೆಳಗೇ ಇದೆಯಾ ಮಾವ?"

"ತಮಾಷೆ ಬೇಡ."

"ಇಂಥ ನಕ್ಷೆ ನೋಡೋಕೆ ಚಂದ, ನಂಬೋಕಲ್ಲ, ಬರೆಯೋನು ಮನಸಿಗೆ ಬಂದಿದ್ದು ಬರೀತಾನೆ ಅಂತ ಬಂದೋರಿಗೆಲ್ಲ ಹೇಳೋದು ನೀವೇ ಅಲ್ವಾ?"

ಡಾಕ್ಟರು ಹೇಳಿದ್ದು ನಿಜ, ಅದೂ ಹೆಣ್ಣು ನೋಡಲು ಬಂದ ಇದೇ ಅಳಿಯನ ಎದುರು.

"ಕೂತ್ಕೊಳಪ್ಪ, ಎಷ್ಟು ಬೆವರಿದೀಯ! ಮಗೂಗೆ ಈಗ ತಾನೇ ನಿದ್ದೆ ಹತ್ತಿದೆ" ಎಂದಳು ಬಾಗಿಲಲ್ಲಿ ನಿಂತ ಮಗಳು.

ಅವರು ಕೂರಲಿಲ್ಲ, ಮೊಣಕಾಲೂರಿದರು. ಟೊಳ್ಳು ಹಲ್ಲನ್ನು ತಟ್ಟಿಯೇ ಗುರುತು ಹಿಡಿಯುವವರು ಅವರು. ಜೇಬಿನಿಂದ ನಾಣ್ಯ ತೆಗೆದು ನೆಲ ತಟ್ಟತೊಡಗಿದರು, ಬರಿಗೈಯಲ್ಲಿ. ಅದನ್ನು ಕಂಡು ಮಗಳ ಮುಖ ಮೊದಲ ಸಲ ಬಿಳಿಚಿತು. ಬಾಗಿಲ ಬಳಿ ಸದ್ದು ಗಟ್ಟಿಯಾಗಿತ್ತು. ತೊಟ್ಟಿಲತ್ತ ಸರಿದಂತೆ ಟೊಳ್ಳಾಗುತ್ತಾ ಹೋಯಿತು.

"ಟೈಲ್ಸ್ ಕೆಳಗೆ ಗಾಳಿ ಸೇರ್ಕೊಂಡಿರುತ್ತೆ ಮಾವ, ಅಷ್ಟೇ."

ಬೆವರಿದ ಬೆರಳಿನಿಂದ ನಾಣ್ಯ ಜಾರಿತು. ಅಂಚಿನ ಮೇಲೆ ನಿಂತು ಉರುಳಿತು, ಸಮತಟ್ಟೆಂದು ಎಲ್ಲರೂ ನಂಬಿದ್ದ ನೆಲದಲ್ಲಿ ಹೋಗ್ತಾ ಹೋಗ್ತಾ ವೇಗ ಹಿಡಿಯಿತು. ತೊಟ್ಟಿಲ ಕೆಳಗೆ ಹಾಯ್ದು, ಗೋಡೆಯ ಬುಡದಲ್ಲಿ ಪುಟ್ಟಿ ಇನ್ನೂ ಮುಟ್ಟದಿದ್ದ ಸೀಳಿನೊಳಗೆ ಮಾಯವಾಯಿತು.

ಬಹಳ ಹೊತ್ತೆನಿಸಿದ ಮೇಲೆ ಕೆಳಗೆಲ್ಲೋ ಆಳದಲ್ಲಿ ಗುಳುಕ್ ಎಂದಿತು. ಕಂಬದಿಂದ ಕಂಬಕ್ಕೆ ತಾಗಿದಂತೆ ಆ ಸದ್ದು ಅವರ ಕಾಲಡಿಯಲ್ಲೇ ಸುತ್ತಾಡಿತು.

ಅಳಿಯ ಸ್ಟೂಲಿನಿಂದ ಒಂದೊಂದೇ ಕಾಲು ಇಳಿಸಿದ. ಅವನ ಮುಖದಲ್ಲಿ ರಕ್ತವಿರಲಿಲ್ಲ. ಮಲಗಿದ್ದ ಮಗುವನ್ನು ಎತ್ತಿ, ತೊಟ್ಟಿಲ ಮೇಲಿನಿಂದ ಕೈಚಾಚಿ, "ಹಿಡ್ಕೊಳ್ಳಿ ಮಾವ" ಎಂದ.

ಡಾಕ್ಟರು ಮಗುವನ್ನು ಎದೆಗವಚಿಕೊಂಡು ಹಿಂದೆ ಸರಿದು ಮಗಳ ಕೈಗೆ ದಾಟಿಸಿದರು. ತಿರುಗಿದಾಗ ಗೋಡೆಯಿಂದ ಹಸಿ ಪುಟ್ಟಿ ಕಳಚಿ ಬೀಳುತ್ತಿತ್ತು. ನೆಲ ತಗ್ಗಿ, ತೊಟ್ಟಿಲು ಮೂಲೆಯತ್ತ ವಾಲಿ ದಾರಿ ಕಟ್ಟಿತ್ತು. ಯಾವತ್ತೂ ಅಳಿಯನಿಗೆ ಬಹುವಚನ ತಪ್ಪಿಸದ ಮಾವ ಎರಡೂ ಕೈ ಚಾಚಿ, "ಬಾರೋ, ಬಾರೋ ಮಗನೇ" ಎಂದು ಕೂಗಿದರು. ಅಳಿಯ ಇನ್ನೂ ತೊಟ್ಟಿಲ ಆ ಕಡೆಯೇ ಇದ್ದ.